ಎರಡನೇ ಶನಿವಾರ ಕೇಳಿದ್ದು

ನಂಜನಗೂಡು
10-11-2024, ಭಾನುವಾರ

ನನ್ನ ಪವಿಗೆ ನಿನ್ನವ್ವನ ಆಶೀರ್ವಾದ.

ಈ ಕಾಗದ ನಿನ್ನ ಕೈಗೇ ಕೊಡಬೇಕು, ಮನೆಯಲ್ಲಿ ಇನ್ಯಾರಿಗೂ ಕೊಡಬಾರದು ಎಂದು ಪಕ್ಕದ ಮನೆ ಸಾಕಮ್ಮನಿಗೆ ಹೇಳಿದ್ದೇನೆ. ಅವಳು ನಾಳೆ ತಂಗಿಯನ್ನು ನೋಡಲು ನರಸೀಪುರಕ್ಕೆ ಬರುತ್ತಾಳೆ. ಫೋನಿನಲ್ಲೇ ಹೇಳೋಣವೆಂದು ಈ ವಾರ ಎರಡು ಸಲ ಮಾಡಿದೆ. ಮೊದಲ ಸಲ ನಿನ್ನ ಅತ್ತೆ ಎತ್ತಿಕೊಂಡರು. ಎರಡನೆಯ ಸಲ ನೀನೇ ಸಿಕ್ಕಿದೆ. ವಾಂತಿ ನಿಂತಿದೆಯಾ, ಮೊಸರನ್ನ ಸೇರುತ್ತಿದೆಯಾ ಎಂದು ಕೇಳಿ ಇಟ್ಟುಬಿಟ್ಟೆ.

ತಿಂಗಳಿಗೊಂದು ಶನಿವಾರ ಮಠದ ಭಜನೆಗೆ ಹೋಗುತ್ತೇನೆ ಎಂದು ನಿನಗೆ ಹೇಳಿದ್ದು ಸುಳ್ಳು. ಶಾಲೆಯ ಬಿಸಿಯೂಟದ ಪಾತ್ರೆ ತೊಳೆದಿಟ್ಟು ರೈಲು ಹತ್ತಿ ಮೈಸೂರಿಗೆ ಹೋಗುತ್ತೇನೆ. ಅಲ್ಲಿ ವಿಶ್ವವಿದ್ಯಾನಿಲಯದಲ್ಲಿ ಎರಡನೇ ಶನಿವಾರ ಸಾರ್ವಜನಿಕ ಉಪನ್ಯಾಸ ಇರುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು. ನಿನ್ನ ತಮ್ಮ ಶಿವು ತೀರಿಕೊಂಡ ಎರಡು ವರ್ಷಕ್ಕೆ ನಮ್ಮ ಶಾಲೆಯ ಚೆಲುವರಾಜು ಮೇಷ್ಟ್ರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವಾಗ, ಬುತ್ತಿ ಬಡಿಸಲು ನನ್ನನ್ನೂ ಕರೆದಿದ್ದರು. ಅಂದು ಯಾರೋ ಇರುವೆಗಳ ಬಗ್ಗೆ ಮಾತಾಡಿದರು. ಮುಂದಿನ ತಿಂಗಳು ನಾನೊಬ್ಬಳೇ ಹೋದೆ. ಎಂಟನೇ ಕ್ಲಾಸು ಓದಿದವಳಿಗೆ ಅರ್ಧ ತಲೆಗೆ ಹತ್ತುವುದಿಲ್ಲ. ಆದರೂ ಅಷ್ಟು ಓದಿದವರೊಬ್ಬರು ನನ್ನಂಥವಳಿಗೂ ತಿಳಿಯಲಿ ಎಂದು ನಿಂತು ಹೇಳುತ್ತಾರಲ್ಲ, ಅದಕ್ಕೇ ಹೋಗುತ್ತಿದ್ದೆ. ತಿಳಿದಷ್ಟು ಬರೆದುಕೊಂಡು ಬರುತ್ತಿದ್ದೆ.

ನಿನಗೆ ಹೇಳಲು ಮುಖವಿರಲಿಲ್ಲ. ಎಸೆಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳನ್ನು ಮನೆಯಲ್ಲಿ ಕೂರಿಸಿದವಳು ನಾನು. ಕಾಲೇಜಿನ ಅರ್ಜಿ ನನ್ನ ಮುಂದೆ ಹಿಡಿದಾಗ ಏನಂದೆ ಎಂಬುದನ್ನು ನೀನು ಮರೆತಿರಲಾರೆ. "ಅವನ್ನ ಹೊಳೆಗೆ ಕರ್ಕೊಂಡೋಗಿ ಕಾಲು ಕಳ್ದೋಳು ನೀನು. ನೀನೇ ಎತ್ಕೊಂಡು ತಿರುಗು" ಅಂದೆ. ಐದು ವರ್ಷ ನೀನು ಶಿವುವನ್ನು ಎತ್ತಿ ಬಚ್ಚಲಿಗೆ ಒಯ್ದೆ, ಮಗ್ಗುಲು ಹೊರಳಿಸಿದೆ, ಕೊನೆಕೊನೆಗೆ ಅವನಿಗೆ ಉಸಿರು ಹಿಡಿದಾಗ ಬೆನ್ನಿಗೆ ಆಸರೆಯಾಗಿ ಕೂತೆ. ಒಂದು ದಿನವೂ ಎದುರಾಡಲಿಲ್ಲ.

ಒಂದು ಶನಿವಾರ, ಕಾಯಿಲೆಗಳು ರಕ್ತದಲ್ಲಿ ಹೇಗೆ ಇಳಿದು ಬರುತ್ತವೆ ಎಂಬುದರ ಬಗ್ಗೆ ಒಬ್ಬ ಮೇಡಂ ಮಾತಾಡಿದರು. ಗಂಡುಮಕ್ಕಳ ಮಾಂಸಖಂಡ ಸೊರಗಿಸುವ ಒಂದು ಕಾಯಿಲೆಯ ವಿಡಿಯೋ ಪರದೆಯ ಮೇಲೆ ತೋರಿಸಿದರು. ಐದಾರು ವರ್ಷದ ಹುಡುಗ ನೆಲದಿಂದ ಏಳುತ್ತಾನೆ. ಮೊದಲು ನೆಲಕ್ಕೆ ಕೈ ಊರಿ, ಆಮೇಲೆ ಮೊಣಕಾಲು ಹಿಡಿದು, ಆಮೇಲೆ ತೊಡೆ ಹಿಡಿದು, ತನ್ನ ಮೈಯನ್ನೇ ಹತ್ತಿಕೊಂಡು ನಿಲ್ಲುತ್ತಾನೆ. ಮೀನಖಂಡ ಮಾತ್ರ ದಪ್ಪ. ಪವಿ, ಅದು ಶಿವು. ಮುಖ ಬೇರೆ, ಅಷ್ಟೆ.

ಕೊನೆಗೆ ಪ್ರಶ್ನೆ ಕೇಳಿ ಎಂದರು. ನಾನು ಎದ್ದು ಮೈಕು ತೆಗೆದುಕೊಂಡೆ.

"ಮೇಡಂ, ಹೊಳೆ ನೀರಲ್ಲಿ ನೆಂದು ಜ್ವರ ಬಂದ್ರೆ ಈ ಕಾಯ್ಲೆ ಬತ್ತದಾ?" ಅಂದೆ.

ಮುಂದಿನ ಸಾಲಿನ ಹುಡುಗಿಯರು ತಿರುಗಿ ನೋಡಿದರು. ಮೇಡಂ ನಗಲಿಲ್ಲ. "ಇಲ್ಲಮ್ಮ. ನೀರಿಂದ ಬರಲ್ಲ, ಬಿದ್ದರೂ ಬರಲ್ಲ. ಹುಟ್ಟುವಾಗಲೇ ಇರುತ್ತೆ. ಸಾಮಾನ್ಯವಾಗಿ ತಾಯಿ ಕಡೆಯಿಂದ ಬರುತ್ತೆ" ಅಂದರು.

ಎಲ್ಲರೂ ಎದ್ದು ಹೋದ ಮೇಲೆ ಅವರ ಬಳಿಗೆ ಹೋಗಿ ಶಿವುವಿನ ವಿಷಯ ಹೇಳಿದೆ. ನಿಮ್ಮ ಅಣ್ಣತಮ್ಮಂದಿರಿಗೆ ಹೀಗಾಗಿತ್ತಾ ಎಂದು ನನ್ನನ್ನು ಕೇಳಿದರು. ಆಗಿತ್ತು. ತವರು ತಗಡೂರಿನಲ್ಲಿ ನನ್ನ ತಮ್ಮಂದಿರು ಇಬ್ಬರೂ ಮೀಸೆ ಮೂಡುವ ಮೊದಲೇ ಹೋದರು. ಗಾಳಿ ಸೋಕಿತು ಎಂದು ಊರು ಹೇಳಿತ್ತು. ಆಮೇಲೆ ಮೇಡಂ, "ನಿಮಗೆ ಹೆಣ್ಣುಮಕ್ಕಳಿದ್ದಾರಾ?" ಅಂದರು.

ನೀನು ಹೊಳೆಗೆ ಕರೆದುಕೊಂಡು ಹೋದದ್ದರಿಂದ ಏನೂ ಆಗಲಿಲ್ಲ, ಮಗಳೇ. ನಿನಗೆ ಆಗ ಒಂಬತ್ತು ವರ್ಷ. ಅವನು ಹುಡುಗರು ಈಜುವುದನ್ನು ನೋಡಬೇಕೆಂದು ಅತ್ತ, ನೀನು ಕೈಹಿಡಿದು ಕರೆದೊಯ್ದೆ. ಅದಕ್ಕೂ ಮೊದಲೇ ಅವನು ತೊಡೆಗೆ ಕೈ ಊರಿ ಏಳುವುದನ್ನು ನಾನು ಕಂಡಿದ್ದೆ. ನನ್ನ ತಮ್ಮಂದಿರು ಹಾಗೇ ಏಳುತ್ತಿದ್ದರು. ಗೊತ್ತಿತ್ತು ಅನ್ನಲಾರೆ, ಗೊತ್ತೇ ಇರಲಿಲ್ಲ ಅಂತಲೂ ಅನ್ನಲಾರೆ. ಹೊಳೆಯಿಂದ ಬಂದು ಅವನು ಮೂರು ದಿನ ಜ್ವರದಲ್ಲಿ ಮಲಗಿದಾಗ, ಹೊರಿಸಲು ನನಗೊಂದು ತಲೆ ಸಿಕ್ಕಿತು. ಅದು ನಿನ್ನದು.

ಈಗ ಮುಖ್ಯವಾದದ್ದು. ನನ್ನಿಂದ ಶಿವುಗೆ ಇಳಿದದ್ದು ನಿನಗೂ ಇಳಿದಿರಬಹುದು. ಹೆಂಗಸರಿಗೆ ಸಾಮಾನ್ಯವಾಗಿ ಹೊರಗೆ ಏನೂ ಕಾಣುವುದಿಲ್ಲವಂತೆ. ಇಳಿದಿದ್ದರೆ, ನಿನಗೆ ಹುಟ್ಟುವ ಗಂಡುಮಗುವಿಗೆ ಬರುವುದೂ ಬರದಿರುವುದೂ ಅರ್ಧಕ್ಕರ್ಧ. ಮೊದಲು ನಿನ್ನ ರಕ್ತ ನೋಡುತ್ತಾರೆ, ಬೇಕೆನಿಸಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಪರೀಕ್ಷೆ ಇದೆ. ನಿನಗೀಗ ಮೂರು ತಿಂಗಳು. ಕಾಯುವ ಹಾಗಿಲ್ಲ. ಮೇಡಂ ಬರೆದುಕೊಟ್ಟ ಮೈಸೂರಿನ ಡಾಕ್ಟರ ಹೆಸರು, ವಿಳಾಸದ ಚೀಟಿ ಇದರ ಜೊತೆಗಿದೆ. ಅಳಿಯ ಮಲ್ಲಿಕಾರ್ಜುನನಿಗೆ ಹೇಳು. ಅವನು ಬರದಿದ್ದರೆ ನಾನು ಬರುತ್ತೇನೆ. ಬುಧವಾರ ಬೆಳಗ್ಗೆ ಎಂಟಕ್ಕೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ. ನನ್ನ ಜೊತೆ ಮಾತಾಡಬೇಕೆಂದಿಲ್ಲ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರು, ಬೇಕಾದರೆ. ಬಾ ಅಷ್ಟೆ. ಏನು ತಿಳಿದರೂ ಮುಂದಿನದನ್ನು ತೀರ್ಮಾನಿಸುವವಳು ನೀನು. ನಾನು ಒಂದು ಮಾತೂ ಆಡುವುದಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಹಾಗೆ ಕೇಳುವ ಯೋಗ್ಯತೆ ನನಗಿಲ್ಲ.

ನಿನ್ನ ಅವ್ವ,
ಪುಟ್ಟಬಸಮ್ಮ

ಮರೆತಿದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಚೀಟಿಯ ಮೇಲೆ ಮೇಡಂ ತಾರೀಖು ಹಾಕಿದ್ದಾರೆ. ಆ ಭಾಗ ಹರಿದು ಕಳಿಸೋಣವೆಂದು ಕೈ ಹೋಗಿತ್ತು. ಹರಿಯಲಿಲ್ಲ. ಅದು ಹೋದ ವರ್ಷದ್ದು, ನಿನ್ನ ಲಗ್ನಪತ್ರಿಕೆ ಅಚ್ಚಿಗೆ ಕೊಡುವ ನಾಲ್ಕು ದಿನ ಮೊದಲಿನದು. ಮದುವೆ ಮುರಿದುಹೋದೀತೆಂದು ಹೆದರಿ ಸುಮ್ಮನಿದ್ದೆ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಹೊಳೆಯ ವಿಷಯದಲ್ಲಿ ತಪ್ಪು ನಿನ್ನದಲ್ಲ ಎಂದು ನಿನ್ನ ಮುಂದೆ ಒಪ್ಪಿಕೊಳ್ಳಬೇಕಾಗುತ್ತಿತ್ತಲ್ಲ, ಅದು ನನಗೆ ಬೇಕಿರಲಿಲ್ಲ.