ಜೆಪ್ಪುವಿನಲ್ಲಿ ರೈಲು ಉರುಳಿದ್ದು ಎಮ್ಮೆಯಿಂದಲ್ಲ

ಜೆಪ್ಪು, ಮಂಗಳೂರು
ಅಕ್ಟೋಬರ್ ೧೯೩೪

ಎಮ್ಮೆಯೊಂದನ್ನು ಅಪರಾಧಿಯೆಂದು ಸಾರಿದ ಮಾನ್ಯ ರೈಲ್ವೆ ವಿಚಾರಣಾಧಿಕಾರಿಗಳೇ,

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಜೆಪ್ಪುವಿನ ಹಳ್ಳ ದಾಟುವ ಸಣ್ಣ ಸಂಕದ ಬಳಿ ಬೆಳಗಿನ ಪ್ಯಾಸೆಂಜರ್ ರೈಲು ಹಳಿ ತಪ್ಪಿ ಮೂವರು ಸತ್ತರು. ಅದರ ಬಗ್ಗೆ ತಾವು ಬರೆದ ಇಂಗ್ಲಿಷ್ ವರದಿಯನ್ನು ವಕೀಲರ ಗುಮಾಸ್ತರೊಬ್ಬರಿಂದ ಓದಿಸಿ ಅರ್ಥ ಕೇಳಿದೆ. ಹಳಿಯ ಮೇಲೆ ಎಮ್ಮೆ ಬಂತಂತೆ. ಬಾರದಂತೆ ನೋಡಿಕೊಳ್ಳಬೇಕಾಗಿದ್ದ, ಹಳಿ ಕಾಯುವ ಕೀಮ್ಯಾನ್ ಲೋಕಯ್ಯ ನೋಡಿಕೊಳ್ಳಲಿಲ್ಲವಂತೆ. ಆದ್ದರಿಂದ ಅವನನ್ನು ಕೆಲಸದಿಂದ ತೆಗೆಯತಕ್ಕದ್ದಂತೆ. ಎಷ್ಟು ಚೊಕ್ಕವಾದ ತೀರ್ಮಾನ! ಆದರೆ ಒಂದು ಸಂಶಯ, ಸ್ವಾಮೀ. ಎಮ್ಮೆ ಎಲ್ಲಿ? ಇಂಜಿನಿಗೆ ಅಡ್ಡ ಬಂದು ರೈಲನ್ನೇ ಉರುಳಿಸಿದ ಎಮ್ಮೆಯ ಒಂದು ಕೊಂಬಾದರೂ ಸಿಗಬೇಡವೇ? ಆ ಬಯಲಿನಲ್ಲಿ ಮೇಯುವುದು ನಮ್ಮ ನೆರೆಯ ಮುದ್ದುವಿನ ಎಮ್ಮೆಯೊಂದೇ. ಅದು ಆ ಸಂಜೆಯೂ ಹಾಲು ಕೊಟ್ಟಿತು, ಇವತ್ತೂ ಕೊಟ್ಟಿತು. ಡ್ರೈವರು "ಏನೋ ಕಪ್ಪಗೆ ಕಂಡಿತು" ಎಂದರಂತೆ. ಆಟಿಯ ಮಳೆಯಲ್ಲಿ, ಕಲ್ಲಿದ್ದಲ ಹೊಗೆಯ ನಡುವಿನಿಂದ ನೋಡಿದರೆ ಕಪ್ಪಗೆ ಕಾಣದ ವಸ್ತು ಈ ಊರಿನಲ್ಲಿ ಯಾವುದುಂಟು?

ನಾನು ಗುರುವಪ್ಪ. ಇಲ್ಲಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ ಒಂದೇ. ಭಟ್ಟಿಯಿಂದ ಬಂದ ಹಂಚನ್ನು ಬೆರಳಿನಿಂದ ತಟ್ಟಿ ನೋಡುವುದು. ಗಟ್ಟಿ ಹಂಚು ಗಂಟೆಯಂತೆ ನುಡಿಯುತ್ತದೆ, ಬಿರುಕಿನ ಹಂಚು ಮೊರೆ ಇಟ್ಟ ಹಾಗೆ ಕೇಳುತ್ತದೆ. ಲೋಕಯ್ಯನ ಕೆಲಸವೂ ಹೆಚ್ಚು ಕಡಿಮೆ ಇದೇ. ದಿನ ಬೆಳಗಾದರೆ ಸುತ್ತಿಗೆ ಹಿಡಿದು ಹಳಿಯುದ್ದಕ್ಕೂ ನಡೆಯುವುದು, ತಟ್ಟುವುದು, ಕೇಳುವುದು, ಸಡಿಲವಾದದ್ದನ್ನು ಬಿಗಿಯುವುದು. ಆದ್ದರಿಂದ ನಮ್ಮಿಬ್ಬರಿಗೂ ಸ್ನೇಹ.

ರೈಲು ಉರುಳುವುದಕ್ಕೆ ಹನ್ನೆರಡು ದಿನ ಮೊದಲು ಅವನು ಕಾರ್ಖಾನೆಯ ಬಾಗಿಲಿಗೆ ಬಂದಿದ್ದ. "ಗುರುವಪ್ಪಣ್ಣ, ಸಂಕದ ಹತ್ತಿರ ಎರಡು ಹಳಿ ಜೋಡಿಸುವ ಕಬ್ಬಿಣದ ಪಟ್ಟಿ ಉಂಟಲ್ಲ, ಅದರಲ್ಲಿ ಬಿರುಕು ಬಿಟ್ಟಿದೆ. ನಮ್ಮ ಮೇಲಿನವರಿಗೆ ಮೂರು ಸಲ ಹೇಳಿದೆ. ಬರೆದು ಕೊಡು ಅಂತಾರೆ. ನನಗೆ ಬರೆಯಲಿಕ್ಕೆ ಬರುವುದು ಎಂತ?" ನಾನು ಕನ್ನಡದಲ್ಲಿ ಬರೆದೆ, ಅವನು ಹೆಬ್ಬೆಟ್ಟು ಒತ್ತಿದ. ಕಾಗದ ಕಚೇರಿಗೆ ಹೋಯಿತು. ರೈಲು ಉರುಳಿದ ಮರುದಿನ ಅಂಚೆಯಲ್ಲಿ ತಿರುಗಿ ಬಂತು. ಮೂಲೆಯಲ್ಲಿ ಕೆಂಪು ಶಾಯಿಯಿಂದ, "ಇಂಗ್ಲಿಷಿನಲ್ಲಿ ಬರೆದು ಕಳುಹಿಸತಕ್ಕದ್ದು." ತಪ್ಪು ನಮ್ಮದೇ. ಕಬ್ಬಿಣಕ್ಕೆ ಕನ್ನಡದಲ್ಲಿ ಬಿರುಕು ಬಿಡುವ ಅಧಿಕಾರ ಯಾರು ಕೊಟ್ಟರು?

ನನ್ನದೂ ಒಂದು ತಪ್ಪುಂಟು. ತಮ್ಮ ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ, ಇಲ್ಲಿ ಹೇಳುತ್ತೇನೆ. ರೈಲು ಉರುಳಿದ ಆ ದಿನ ನಾನು ಮತ್ತು ನನ್ನ ಅಕ್ಕ ದೇಯಿ ಉಳ್ಳಾಲಕ್ಕೆ ಹೊರಟಿದ್ದೆವು, ಅವಳ ಮಗಳ ಬಾಣಂತನಕ್ಕೆ. ಸ್ಟೇಷನ್ನಿನಲ್ಲಿ ಅಕ್ಕ ಕೇಳಿದಳು, "ಆ ಲೋಕಯ್ಯ ಹೇಳಿದ ಪಟ್ಟಿ ಸರಿ ಮಾಡಿದ್ದಾರಾ? ನಡೆದೇ ಹೋಗಿ ದೋಣಿಯಲ್ಲಿ ಹೊಳೆ ದಾಟುವಾ?" ನಾನು ನಕ್ಕೆ. "ಅಷ್ಟು ದೊಡ್ಡ ಕಂಪೆನಿಯವರಿಗೆ ಗೊತ್ತಿರುವುದಿಲ್ಲವಾ ಅಕ್ಕ, ಹತ್ತು" ಎಂದೆ. ಅವಳು ಹೆಂಗಸರ ಡಬ್ಬಿ ಹತ್ತಿದಳು. ನಾನು ಹಿಂದಿನದನ್ನು ಹತ್ತಿದೆ. ಸಂಕದ ಹತ್ತಿರ ಟಣ್ ಎಂದಿತು, ಆಮೇಲೆ ಹೆಂಗಸರ ಡಬ್ಬಿ ಗದ್ದೆಯ ಕಡೆಗೆ ಮಲಗಿತು. ಅಕ್ಕನನ್ನು ಹೊರಗೆ ತೆಗೆಯುವಾಗ ಅವಳ ಕೈ ಬೆಚ್ಚಗೇ ಇತ್ತು. ಅವಳ ಜೊತೆಗೆ ಹೋದವರು ನಮ್ಮ ಕಾರ್ಖಾನೆಯಲ್ಲೇ ಹಂಚು ಹೊರುತ್ತಿದ್ದ ಎಸ್ತೆರ್, ಮತ್ತು ಮುಂದಿನ ಡಬ್ಬಿಯ ಬಾಗಿಲಲ್ಲಿ ನಿಂತಿದ್ದ ಬಡಗಿ ಮ್ಯಾಕ್ಸಿಮ್. ತಮ್ಮ ವರದಿಯಲ್ಲಿ ಇವರು "ಮೂರನೆಯ ದರ್ಜೆಯ ಮೂವರು". ಎಮ್ಮೆಯ ಬಣ್ಣಕ್ಕೆ ಒಂದು ಸಾಲು ಮೀಸಲಿಟ್ಟ ತಾವು ಇವರ ಹೆಸರಿಗೆ ಅರ್ಧ ಸಾಲು ಕೊಟ್ಟಿದ್ದರೆ ಶಾಯಿ ಮುಗಿದುಹೋಗುತ್ತಿತ್ತೇ?

ಅಂದು ಮಧ್ಯಾಹ್ನದೊಳಗೆ ಗ್ಯಾಂಗಿನವರು ಬಂದು ಹಳಿ ಬದಲಿಸಿ, ಮುರಿದದ್ದನ್ನೆಲ್ಲ ಟ್ರಾಲಿಗೆ ತುಂಬಿಕೊಂಡು ಹೋದರು. ತಾವು ಬಂದದ್ದು ನಾಲ್ಕನೆಯ ದಿನ. ಹೊಳೆಯುವ ಹೊಸ ಹಳಿಯನ್ನು ಕೊಡೆಯ ಕೆಳಗಿನಿಂದ ಪರೀಕ್ಷಿಸಿ "ದೋಷವಿಲ್ಲ" ಎಂದು ಬರೆದುಕೊಂಡಿರಿ. ನಿಜವೇ. ಹೆಣ ಸುಟ್ಟ ಮೇಲೆ ನಾಡಿ ನೋಡಿದರೆ ಜ್ವರ ಎಲ್ಲಿ ಸಿಗಬೇಕು?

ವಿಚಾರಣೆ ನಡೆದದ್ದು ಮೊದಲ ದರ್ಜೆಯ ವೇಟಿಂಗ್ ರೂಮಿನಲ್ಲಿ. ತಮ್ಮ ದುಭಾಷಿಗೆ ಇಂಗ್ಲಿಷ್, ತಮಿಳು ಎರಡೂ ಚೆನ್ನಾಗಿ ಬರುತ್ತಿದ್ದವು. ಸಾಕ್ಷಿಗಳಿಗೆ ಬರುತ್ತಿದ್ದದ್ದು ತುಳು, ಬ್ಯಾರಿ, ಕೊಂಕಣಿ. ಅಕ್ಕನ ಎದುರು ಕೂತಿದ್ದು ಬದುಕಿ ಬಂದ ಮೀನು ಮಾರುವ ಅಲೀಮಮ್ಮನನ್ನು ಕರೆದಿರಿ. ತಾವು ಕೇಳಿದ್ದು ಆ ಜೋಡಿಸುವ ಪಟ್ಟಿಯ ವಿಷಯ. ಅದಕ್ಕೆ ಇಂಗ್ಲಿಷಿನಲ್ಲಿ ಫಿಶ್ ಪ್ಲೇಟ್ ಎನ್ನುತ್ತಾರಂತೆ. ದುಭಾಷಿ ತನಗೆ ಬಂದ ಹರಕು ಕನ್ನಡದಲ್ಲಿ "ಮೀನಿನ ತಟ್ಟೆ ಮುರಿದಿತ್ತಾ?" ಎಂದು ಕೇಳಿದ. ಅಲೀಮಮ್ಮ ಅವನನ್ನೂ ತಮ್ಮನ್ನೂ ನೋಡಿ, "ಮೀನು ಬುಟ್ಟಿಯಲ್ಲಿತ್ತು ಮಾರಾಯ್ರೆ. ರೈಲಿನಲ್ಲಿ ತಟ್ಟೆ ಇಟ್ಟುಕೊಂಡು ಯಾರು ಕೂರ್ತಾರೆ? ಮೊದಲು ಕಬ್ಬಿಣದ ಶಬ್ದ ಕೇಳಿತು, ಆಮೇಲೆ ಬಿದ್ದೆವು, ಅದು ಬರೆದುಕೊಳ್ಳಿ" ಎಂದಳು. ದುಭಾಷಿ ಮೀನಿನ ಮಾತನ್ನು ಮಾತ್ರ ಅನುವಾದಿಸಿದ. ತಾವು ನಕ್ಕಿರಿ. ವರದಿಯಲ್ಲಿ "ಸಾಕ್ಷಿಯ ಹೇಳಿಕೆ ಅಪ್ರಸ್ತುತ" ಎಂದಿದೆ.

ಆಮೇಲೆ ನನ್ನ ಸರದಿ. ರೈಲು ಉರುಳಿದ ದಿನವೇ ಗದ್ದೆಯ ಕೆಸರಿನಲ್ಲಿ ನನಗೆ ಆ ಪಟ್ಟಿಯ ಅರ್ಧ ತುಂಡು ಸಿಕ್ಕಿತ್ತು. ಅದನ್ನು ತಮ್ಮ ಮೇಜಿನ ಮೇಲಿಟ್ಟು, "ಮುರಿದ ಕಡೆ ನೋಡಿ ಸ್ವಾಮೀ. ಅರ್ಧ ತುಕ್ಕು ಹಿಡಿದು ಕಪ್ಪಾಗಿದೆ, ಅರ್ಧ ಹೊಸದಾಗಿ ಹೊಳೆಯುತ್ತದೆ. ಕಪ್ಪಾದದ್ದು ಹಳೆಯ ಬಿರುಕು, ಹೊಳೆಯುವುದು ಆ ದಿನದ್ದು" ಎಂದೆ. ಹಂಚಿನ ಕೆಲಸದವರಿಗೂ ಗೊತ್ತಾಗುವ ಸಂಗತಿ ಇದು. ತಾವು ಅದನ್ನು ಕೈಗೆತ್ತಿಕೊಂಡಿರಿ. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಗಾಳಿ ಬಂದು ಕಾಗದಗಳು ಹಾರಿದವು. ತಾವು ಆ ತುಂಡನ್ನು ಕಾಗದಗಳ ಮೇಲಿಟ್ಟಿರಿ, "ಮುಂದಿನವರು" ಎಂದಿರಿ. ನನ್ನ ಅಕ್ಕನ ಸಾವಿನ ಕಾರಣ ಸಂಜೆಯವರೆಗೂ ತಮ್ಮ ಕಾಗದ ಹಾರದಂತೆ ಕಾಯಿತು.

ಲೋಕಯ್ಯನ ಕೆಲಸ ಹೋಯಿತು. ಸುತ್ತಿಗೆಯನ್ನು ವಾಪಸು ಪಡೆದರು. ಆದರೂ ಆ ಹುಚ್ಚ ಬೆಳಗಾದರೆ ಹಳಿಯ ಮೇಲೆ ನಡೆಯುವುದನ್ನು ಬಿಡಲಿಲ್ಲ. "ಎಂತಕ್ಕೆ ಮಾರಾಯ?" ಎಂದು ಕೇಳಿದರೆ, "ಸಂಕದ ಆಚೆಗೂ ಅದೇ ಹಳೆಯ ಪಟ್ಟಿಗಳು ಗುರುವಪ್ಪಣ್ಣ. ಕೇಳದೆ ಮಲಗಿದರೆ ನಿದ್ದೆ ಬರುವುದಿಲ್ಲ" ಎಂದ. ಕಾರ್ಖಾನೆಯ ಸುತ್ತಿಗೆ ಕೊಟ್ಟವನು ನಾನು. ಹೋದ ಮಂಗಳವಾರ ನೇತ್ರಾವತಿ ಸೇತುವೆಯ ಇತ್ತಕಡೆ ಅವನಿಗೆ ಪಟ್ಟಿಯೊಂದು ಎರಡು ತುಂಡಾಗಿ ಸಿಕ್ಕಿತು. ಬೆಳಗಿನ ರೈಲು ಸ್ಟೇಷನ್ ಬಿಟ್ಟಾಗಿತ್ತು. ತಲೆಯ ಕೆಂಪು ಮುಂಡಾಸು ಬಿಚ್ಚಿ ಬೀಸುತ್ತಾ ಎದುರಿಗೆ ಓಡಿದ. ರೈಲು ನಿಂತಿತು. ಡ್ರೈವರು ಇಳಿದು ಬಂದು ನೋಡಿ, ಅವನ ಹೆಗಲ ಮೇಲೆ ಕೈಯಿಟ್ಟು ನಿಂತರಂತೆ. ಡಬ್ಬಿಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ಜನ, ಮುಂದೆ ತುಂಬಿದ ಹೊಳೆ.

ಕಂಪೆನಿ ಅವನಿಗೆ ಬಹುಮಾನವನ್ನೂ ಕೊಟ್ಟಿತು. ಅನುಮತಿಯಿಲ್ಲದೆ ಹಳಿಯ ಮೇಲೆ ನಡೆದದ್ದು ಒಂದು, ಅಧಿಕಾರವಿಲ್ಲದೆ ರೈಲು ತಡೆದದ್ದು ಇನ್ನೊಂದು, ಹೀಗೆ ಎರಡು ಕೇಸು. ಬರುವ ಸೋಮವಾರ ಕೋರ್ಟಿನಲ್ಲಿ ವಿಚಾರಣೆ. ಅಧಿಕಾರವಿದ್ದವರು ತಡೆಯದ ರೈಲನ್ನು ಅಧಿಕಾರವಿಲ್ಲದವನು ತಡೆದರೆ ಕಾನೂನಿಗೆ ಎಷ್ಟು ನೋವಾಗುತ್ತದೆಂದು ಈಗ ತಿಳಿಯಿತು.

ಯಾರನ್ನೋ ಜೈಲಿಗೆ ಹಾಕಿ ಎಂದು ನಾನು ಕೇಳುವುದಿಲ್ಲ. ಯಾರ ತಪ್ಪು ಎಂದು ಹುಡುಕಿ ಹುಡುಕಿ ತಾವು ಎಮ್ಮೆಯವರೆಗೆ ಬಂದಿರಿ. ಏನು ಮುರಿಯಿತು, ಏಕೆ ಮುರಿಯಿತು, ಇನ್ನೆಲ್ಲಿ ಮುರಿಯಲಿಕ್ಕುಂಟು ಎಂದು ಒಮ್ಮೆ ಕೇಳಿ. ಜೆಪ್ಪುವಿನ ವಿಚಾರಣೆಯನ್ನು ಮತ್ತೆ ತೆರೆಯಿರಿ. ಸಾಕ್ಷಿಗಳ ಭಾಷೆ ಬಲ್ಲವನನ್ನು ಕೂರಿಸಿ. ಸೇತುವೆಯವರೆಗಿನ ಒಂದೊಂದು ಪಟ್ಟಿಯನ್ನೂ ತಟ್ಟಿಸಿ. ಸೋಮವಾರ ಹನ್ನೊಂದು ಗಂಟೆಗೆ ತಾವೇ ಕೋರ್ಟಿಗೆ ಬಂದು, ಆ ಮಂಗಳವಾರ ಲೋಕಯ್ಯ ಮನೆಯಲ್ಲಿ ಮಲಗಿದ್ದರೆ ತಾವು ಎಷ್ಟು ಜನರ ಮೇಲೆ ವರದಿ ಬರೆಯಬೇಕಾಗುತ್ತಿತ್ತು ಎಂಬುದನ್ನು ಪ್ರಮಾಣ ಮಾಡಿ ಹೇಳಿ. ಅಷ್ಟು ಸಾಕು.

ಇಂತಿ,
ಅಕ್ಕನ ಮೊಮ್ಮಗುವನ್ನು ನೋಡಲು ಈಗಲೂ ಅದೇ ರೈಲು ಹತ್ತಲೇಬೇಕಾದ,
ಮೂರನೆಯ ದರ್ಜೆಯ ಒಬ್ಬ,
ಗುರುವಪ್ಪ