ಯಾವ ಬ್ಯಾಸರ?

ಅವ್ವಾ,

ನಿನಗೆ ಬಂದಿದ್ದ ಕ್ಯಾನ್ಸರ್ ಈಗ ನನಗೂ ಬಂದಿದೆ. ನೀನು ಬದುಕಿದ್ದರೆ ಇದನ್ನು ಹೇಳುತ್ತಲೇ ಇರಲಿಲ್ಲ. ಕೀಮೋ ಮುಗಿದರೂ ಸುಸ್ತು ಬಿಟ್ಟಿಲ್ಲ. ದಾದರ್ ಸ್ಟೇಷನ್ನಿನ ಬ್ರಿಜ್ ನೆನೆಸಿಕೊಂಡರೇ ಕಾಲು ಸೋಲುತ್ತದೆ.

ಇವತ್ತು ಆಸ್ಪತ್ರೆಯಿಂದ ಯಕ್ಷಿತಾ ಎಂಬ ಹುಡುಗಿ ಫೋನು ಮಾಡಿದ್ದಳು. ಮಂಗಳೂರು ಕಡೆಯವಳು, ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮಂಥ ಸುಸ್ತಿನವರಿಗೆಂದೇ ಮೊಬೈಲಿನಲ್ಲಿ ಬೇರೆ ಬೇರೆ ಕಾರ್ಯಕ್ರಮಗಳಿವೆಯಂತೆ. ಯಾರಿಗೆ ಯಾವುದು ಹೊಂದುತ್ತದೋ ಕೇಳಿ ಕೊಡುತ್ತಾರಂತೆ.

“ಅಂಕಲ್, ನಿಮಗೆ ಎಂತ ಆಗ್ತದೆ? ಮತ್ಲಬ್, ಹೇಗೆ ಫೀಲ್ ಆಗ್ತದೆ?”

“ಭಾಳ ಬ್ಯಾಸರ ಆಗೇತ್ರಿ,” ಎಂದೆ. ನಮ್ಮ ಮನೆಯಲ್ಲಿ ದಣಿವಿಗೂ ಅದೇ ಮಾತಲ್ಲವೇ?

ಅವಳು ಬೇಜಾರು ಎಂದುಕೊಂಡಳು. ವ್ಯಾಯಾಮದ ಕಾರ್ಯಕ್ರಮ ಬಿಟ್ಟು ಮನಸ್ಸಿನದಕ್ಕೆ ನನ್ನನ್ನು ಸೇರಿಸಿದಳು. ಸಂಜೆ ಮೊಬೈಲು, “ನಿಮಗೆ ಯಾರ ಜೊತೆ ಮಾತಾಡಬೇಕು ಅನಿಸುತ್ತಿದೆ?” ಎಂದು ಕೇಳಿತು. ಎಂಥ ಹುಚ್ಚು ಮೊಬೈಲು ಎಂದು ಬೈಯಲು ಬಾಯಿ ತೆರೆದವನು “ಅವ್ವ” ಎಂದುಬಿಟ್ಟೆ. ಅಳುತ್ತ ಕೂತೆ. ಆಮೇಲೆ, ಎಷ್ಟೋ ದಿನಗಳ ನಂತರ, ನಾನೇ ಎದ್ದು ಚಹಾ ಮಾಡಿಕೊಂಡೆ. ನನ್ನ ಹೆಂಡತಿ ಶೀತಲ ಬೆರಗಾಗಿ ನೋಡಿದಳು.

ತಪ್ಪಾಗಿದೆ ಎಂದು ನಾಳೆ ಆ ಹುಡುಗಿಗೆ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ನನ್ನದು ಯಾವ ಬ್ಯಾಸರವೆಂದು ನನಗೇ ಗೊತ್ತಾಗುತ್ತಿಲ್ಲ.

ನೀನು “ಬ್ಯಾಸರ ಆಗೇತೋ ಶರಣ” ಅಂದಾಗಲೆಲ್ಲ ನಾವು ದಣಿವೆಂದುಕೊಂಡು, ಮಲಗಲಿ ಬಿಡು ಎಂದು ಬಾಗಿಲು ಮುಂದೆ ಮಾಡಿ ಬರುತ್ತಿದ್ದೆವು.

ನಿನ್ನದು ಯಾವುದಿತ್ತವ್ವಾ?