ಕೇಳಲು ಸಮಯವಿರಲಿಲ್ಲ

ಜೂನ್ 4, ಬುಧವಾರ

ಬೆಳಗಿನ ಡ್ಯೂಟಿ. ಮಕ್ಕಳ ಕ್ಯಾಷುವಾಲ್ಟಿ ಸಂತೆಯಂತಿತ್ತು. ಮೂಗಿನೊಳಗೆ ಗುಂಡಿ ತುರುಕಿಕೊಂಡ ಹುಡುಗ, ಅವನನ್ನು ನೋಡಿ ಅವನಿಗಿಂತ ಜೋರಾಗಿ ಅಳುವ ತಂಗಿ. ಎರಡು ಫಿಟ್ಸ್ ಔಷಧಿಗಳನ್ನು ಹೋಲಿಸಿ ನೋಡುವ ನಮ್ಮ ಟ್ರಯಲ್‌ಗೆ ಯಾರೂ ಬರಲಿಲ್ಲ. ಒಳ್ಳೆಯದೇ ಆಯಿತು.

ಮನೆಗೆ ಬಂದರೆ ಇವರದು ಮತ್ತೆ ಅದೇ ರಾಗ. "ಅಪ್ಪ ಅಮ್ಮನ್ನ ಕೇಳದೆ ಔಷಧಿ ಕೊಡ್ತೀರಲ್ಲ, ಇದ್ಯಾವ ನ್ಯಾಯ?"

ಫಿಟ್ಸ್ ನಿಲ್ಲದ ಮಗುವನ್ನು ಮುಂದಿಟ್ಟುಕೊಂಡು ಯಾರಿಗೆ ಏನು ವಿವರಿಸಲಿ? ಎರಡೂ ಹಳೆಯ ಔಷಧಿಗಳೇ, ಎಲ್ಲ ಕಡೆ ಕೊಡುವಂಥವು. ಯಾವುದು ಮೇಲು ಎಂಬುದಷ್ಟೇ ಗೊತ್ತಿಲ್ಲ. ಕೊಟ್ಟಿದ್ದು ಯಾವುದೆಂದು ನಮಗೂ ತಿಳಿಯದ ಹಾಗೆ ಬಾಟಲಿಗಳು. ಆಮೇಲೆ ಹೆತ್ತವರಿಗೆಲ್ಲ ಹೇಳಿ, ಮಗುವಿನ ವಿವರ ಬಳಸಿಕೊಳ್ಳಲೇ ಎಂದು ಕೇಳುವುದು ನನ್ನ ಕೆಲಸ.

"ಮದುವೆ ಮುಗಿಸಿ ಹುಡುಗಿ ಒಪ್ಪಿಗೆ ಕೇಳಿದ ಹಾಗಾಯ್ತು."

ನಗು ಬಂತು. ಸಿಟ್ಟೂ.

ಜೂನ್ 6

ಬಸ್ ಡ್ರೈವರ್ ಒಬ್ಬ ಯೂನಿಫಾರ್ಮಿನಲ್ಲೇ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದ. ನಾಲ್ಕು ವರ್ಷದ್ದು. ಒಂದೇ ಸಮನೆ ಫಿಟ್ಸ್. ಮೊದಲ ಇಂಜೆಕ್ಷನ್ನಿಗೆ ಜಗ್ಗಲಿಲ್ಲ. ಟ್ರಯಲ್ ಔಷಧಿ ಕೊಟ್ಟೆವು... ಅದಕ್ಕೂ ಇಲ್ಲ. ಗಂಟಲಿಗೆ ಟ್ಯೂಬ್ ಇಳಿಸಿ ಐಸಿಯುಗೆ. ಮೆದುಳು ಜ್ವರ ಎಂದರು ದೊಡ್ಡ ಡಾಕ್ಟರು.

ತಾಯಿ ಹೊಲಿಗೆ ಅಂಗಡಿಯಿಂದ ಎದ್ದು ಬಂದಿದ್ದಳು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. "ಸಿಸ್ಟರ್, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವಳು. ಸ್ವಲ್ಪ ಹಾಲಾದ್ರೂ ಕೊಡ್ಲಾ?"

ಜೂನ್ 7

ಟ್ರಯಲ್ ವಿಷಯ ಹೇಳಬೇಕಿತ್ತು. ಐಸಿಯು ಬಾಗಿಲವರೆಗೆ ಹೋದೆ. ಹೇಳದೆ ಹಿಂತಿರುಗಿದೆ.

ಜೂನ್ 9

ಮಗು ಹೋಯಿತು. ಮಧ್ಯಾಹ್ನ.

ಜೂನ್ 30

ಫೋನ್ ಮಾಡಿ ಕರೆದಿದ್ದೆ. ಡ್ರೈವರ್ ಒಬ್ಬನೇ ಬಂದ. ಗಡ್ಡ ಬಿಟ್ಟಿದ್ದಾನೆ. ಎಲ್ಲ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡ.

"ಇನ್ನೊಂದು ಔಷಧಿ ಕೊಟ್ಟಿದ್ರೆ ಉಳೀತಿದ್ಲಾ?"

"ಗೊತ್ತಿಲ್ಲ ಅಣ್ಣಾ."

"ಯಾವುದು ಕೊಟ್ರಿ?"

"ಅದೂ ಗೊತ್ತಿಲ್ಲ."

"ಮತ್ತೆ ನಿಮಗೆ ಗೊತ್ತಿರೋದಾದ್ರೂ ಏನು ಸಿಸ್ಟರ್?"

ಮಗುವಿನ ವಿವರ ಬಳಸಲು ಒಪ್ಪಿಗೆಯ ಕಾಗದವನ್ನು ಅವನ ಮುಂದಿಟ್ಟೆ. ಎದ್ದು ನಿಂತ. "ಬೇಡ. ಅವಳ ಹೆಸರು ನಿಮ್ಮ ಕಂಪ್ಯೂಟರಲ್ಲಿ ಇರಕೂಡದು. ತೆಗೆದುಹಾಕಿ."

ಜುಲೈ 8

ತಾಯಿ ಬಂದಿದ್ದಳು. ಗಂಡನಿಗೆ ಹೇಳದೆ.

"ತೆಗೀಬೇಡಿ. ಇನ್ನೊಂದು ಮಗೂಗೆ ಉಪಯೋಗ ಆಗುತ್ತಲ್ವಾ? ಅಷ್ಟಾದ್ರೂ ಇರಲಿ."

ಇಬ್ಬರಲ್ಲಿ ಒಬ್ಬರು ಬೇಡವೆಂದರೂ ತೆಗೆಯಲೇಬೇಕು ಎಂದೆ. ನಿಯಮ. ನನ್ನ ಕೈಯಲ್ಲಿಲ್ಲ.

"ಮನೇಲಿ ನಾವಿಬ್ರೂ ಮಾತಾಡ್ತಿಲ್ಲ ಸಿಸ್ಟರ್. ಇದೇ ವಿಷಯಕ್ಕೆ." ಹೊರಡಲು ಎದ್ದವಳು ಕೇಳಿದಳು, "ನನ್ನ ಕರೆದ್ಲಾ ಅವಳು? ನೋವಿತ್ತಾ?"

"ಎಚ್ಚರ ಇರ್ಲಿಲ್ಲಮ್ಮ. ಗೊತ್ತಾಗಿರಲ್ಲ."

ಎಲ್ಲ ತಾಯಂದಿರಿಗೂ ಹೀಗೇ ಹೇಳುತ್ತೇನೆ. ನಿಜವೇ? ಯಾರಿಗೆ ಗೊತ್ತು.

ಇವರ ಹತ್ತಿರ ಹೇಳಿಕೊಂಡೆ. ಊಟವಾದ ಮೇಲೆ ನನ್ನ ತಟ್ಟೆಯನ್ನೂ ತಾವೇ ತೊಳೆದಿಟ್ಟರು.

ಜುಲೈ 9

ತೆಗೆದುಹಾಕಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದೆ. ಅಷ್ಟೇ. ಬಸ್ಸಿನವನಿಗೆ ಫೋನ್ ಮಾಡಿ ತಿಳಿಸಿದೆ. "ಹೂಂ" ಎಂದ. ಫೋನ್ ಇಡಲಿಲ್ಲ. ಹಿಂದೆ ಬಸ್ಸಿನ ಹಾರ್ನ್. ಕೊನೆಗೆ ನಾನೇ ಇಟ್ಟೆ.

ಜುಲೈ 11, ಊಟದ ಬಿಡುವು

ಕ್ಯಾಷುವಾಲ್ಟಿಯಿಂದ ಕರೆ. ಫಿಟ್ಸ್ ಮಗು, ದಾರಿಯಲ್ಲಿದೆ. ಈ ಸಲ ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದಾರಂತೆ. ಓಡುತ್ತ ಓಡುತ್ತಲಾದರೂ ಒಂದು ಮಾತು ಕೇಳಬಹುದೇನೋ... ಏನೆಂದು ಕೇಳಲಿ? ಎರಡರಲ್ಲಿ ಯಾವುದು ಮೇಲೆಂದು ನಮಗೆ ಗೊತ್ತಿಲ್ಲ, ಆದರೂ ಕೊಡಲೇ—